ಆಡು ಮುಟ್ಟದ ಗಿಡ

ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ ಕಟ್ಟಿಸಿದಾಗ ಗೇಟಿನಿಂದ ಬಾಗಿಲವರೆಗೆ ಒಂದಿಷ್ಟು ಮಣ್ಣಿನ ಜಾಗ ಉಳಿಯಿತು. ಅಲ್ಲಿ ಯಾವ ಹೂವಿನ ಗಿಡ ಹಾಕಬೇಕು ಎನ್ನುವುದೇ ದೊಡ್ಡ ರಗಳೆಯಾಯಿತು. ನನ್ನ ತವರು ಸಿರುಗುಪ್ಪದಲ್ಲಿ ಕಾಲುವೆ ನೀರಿತ್ತು, ಕಡ್ಡಿ ಚುಚ್ಚಿದರೂ ಚಿಗುರುತ್ತಿತ್ತು. ಬಳ್ಳಾರಿಯ ಬಿಸಿಲಿಗೆ ಗಿಡವೂ ಗಟ್ಟಿ ಜೀವದ್ದಾಗಿರಬೇಕು.

ನಾನೋ ಮೊದಲಿನಿಂದಲೂ ಪುಕ್ಕಲಿ. ಹಗ್ಗ ಕಂಡರೂ ಹಾವೆನ್ನುವವಳು ಎಂದು ಗಂಡ ರೇಗಿಸುತ್ತಾರೆ. ಮಗಳಿಗೆ ಆಗಷ್ಟೇ ಎರಡು ತುಂಬಿತ್ತು, ಸಿಕ್ಕಿದ್ದೆಲ್ಲ ಬಾಯಿಗೆ. ಹಾಗಾಗಿ ನರ್ಸರಿಯಲ್ಲಿ ಪ್ರತಿ ಗಿಡದ ಮುಂದೆಯೂ ನನ್ನದು ಒಂದೇ ಪ್ರಶ್ನೆ: ಮಗು ತಿಂದರೆ ಏನಾಗುತ್ತದೆ? ದಾಸವಾಳ ಪಾಸಾಯಿತು. ಕಾಗದದ ಹೂವಿಗೆ ಮುಳ್ಳು, ಬೇಡ. ಮಲ್ಲಿಗೆಯ ಪೊದೆಗೆ ಹಾವು ಬರುತ್ತದೆಂದು ಯಾರೋ ಹೇಳಿದ್ದರು, ಅದೂ ಬೇಡ. ನರ್ಸರಿಯವನು ಬೇಸತ್ತು, "ಪ್ಲಾಸ್ಟಿಕ್ ಹೂವು ತಗೊಂಡು ಹೋಗ್ರಿ ಅಕ್ಕಾರ" ಎಂದ.

ಅಷ್ಟರಲ್ಲಿ ಕುರುಗೋಡು ಕಡೆಯ ಬಾದನಹಟ್ಟಿಯಿಂದ ಅತ್ತೆ ನಮ್ಮಲ್ಲೇ ಇರಲು ಬಂದರು. ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಣಗಿಲೆ ಕಡ್ಡಿಗಳನ್ನೂ ತಂದರು. ಶಿವನಿಗೆ ಕಣಗಿಲೆ ಏರಿಸದೆ ಅವರ ಪೂಜೆ ಮುಗಿಯದು.

"ಬ್ಯಾಡ್ರಿ ಅತ್ತಿ, ಅದರಾಗ ವಿಷ ಐತಿ," ಎಂದೆ.

"ನಮ್ಮೂರಾಗ ಹಿತ್ತಲದ ತುಂಬ ಅದಾ ಐತಿ. ಆಡು ಸೈತ ಮುಟ್ಟಂಗಿಲ್ಲ. ನಿನ್ನ ಮಗಳು ಆಡಿಗಿಂತ ಕಡಿಮಿ ಏನವ್ವ?"

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆ ಆಡೇ ಮುಟ್ಟುವುದಿಲ್ಲ ಎಂದಾಗ ನನ್ನ ಹೆದರಿಕೆ ಇನ್ನಷ್ಟು ಹೆಚ್ಚಿತು. ಆದರೆ ಅವ್ವನಿಗೆ ಎದುರಾಡುವ ಧೈರ್ಯ ನನ್ನ ಗಂಡನಿಗಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ಕಣಗಿಲೆ ನೆಟ್ಟದ್ದಾಯಿತು, ಸುತ್ತ ನಾನು ತಂತಿ ಬಲೆ ಕಟ್ಟಿಸಿದೆ.

ಹಾಳಾದ ಗಿಡ ಸೊಂಪಾಗಿ ಬೆಳೆದು ಗೊಂಚಲು ಗೊಂಚಲು ಗುಲಾಬಿ ಬಣ್ಣದ ಹೂ ಬಿಟ್ಟಿತು. ಹೋಗಿಬರುವವರೆಲ್ಲ ಹೊಗಳುತ್ತಿದ್ದರು. ನಾನು ಮಾತ್ರ ಪಾತ್ರೆ ತೊಳೆಯುತ್ತಲೂ ಕಿಟಕಿಯಿಂದ ಬಲೆಯ ಕಡೆ ನೋಡುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುವಾಗಲೂ ಅದು ನೆನಪಾಗಿ ಮನೆಗೆ ಫೋನ್ ಮಾಡುತ್ತಿದ್ದೆ.

ಮಗಳು ದಿನಾ ಅಜ್ಜಿಯ ಪಕ್ಕ ಪೂಜೆಗೆ ಕೂರುವಳು. ಪೂಜೆ ಮುಗಿದ ಮೇಲೆ ಅತ್ತೆ ದೇವರ ಮೇಲಿನ ಬಿಲ್ವಪತ್ರೆ ತೆಗೆದು ಅವಳ ಅಂಗೈಗೆ ಇಟ್ಟು, "ಕಣ್ಣಿಗೆ ಒತ್ತಿಗೊಂಡು ಬಾಯಾಗ ಹಾಕ್ಕೊ, ಪ್ರಸಾದ" ಎನ್ನುತ್ತಿದ್ದರು. ಮಗು ಚೆಂದ ಕಲಿತಿತ್ತು. ಅದನ್ನು ನೋಡಿ ನಾನೂ ಹಿಗ್ಗಿದ್ದೆ.

ಶ್ರಾವಣದ ಒಂದು ಬೆಳಿಗ್ಗೆ ಮನೆಯಲ್ಲಿ ಪತ್ರೆ ಇರಲಿಲ್ಲ. ಮುಡಿಗೆ ಇಟ್ಟುಕೊಳ್ಳಲೆಂದು ಅತ್ತೆ ದೇವರ ಮೇಲಿನ ಕಣಗಿಲೆ ಹೂವನ್ನು ಮಗಳ ಕೈಗಿತ್ತು ದೀಪಕ್ಕೆ ಎಣ್ಣೆ ಹಾಕಲು ಆಚೆ ತಿರುಗಿದರು. ಅಡುಗೆಮನೆಯಿಂದ ಬಂದ ನಾನು ನೋಡುತ್ತೇನೆ, ಮಗುವಿನ ದವಡೆ ಆಡುತ್ತಿದೆ. ತುಟಿಯ ಅಂಚಿನಲ್ಲಿ ಗುಲಾಬಿ ಎಸಳು.

ಬೆರಳು ಹಾಕಿ ಸಿಕ್ಕಷ್ಟು ತೆಗೆದೆ. ಒಳಗೆ ಎಷ್ಟು ಹೋಗಿತ್ತೋ ಶಿವನೇ ಬಲ್ಲ. ಆಟೋದಲ್ಲಿ ಅವಳು ಆಕಳಿಸಿದರೂ ನನ್ನ ಜೀವ ಹೋಗಿ ಬಂದಂತಾಗುತ್ತಿತ್ತು. ಆಸ್ಪತ್ರೆಯಲ್ಲಿ ಪುಟ್ಟ ಎದೆಗೆ ವೈರು ಅಂಟಿಸಿ, ಬಡಿತ ನೋಡುತ್ತಿರಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಅವಳು ಒಮ್ಮೆ ವಾಂತಿ ಮಾಡಿಕೊಂಡು ನಿದ್ದೆಹೋದಳು. ಅದು ನಿದ್ದೆಯೇ ಹೌದೋ ಎಂದು ಅಲುಗಿಸಿ ಅಲುಗಿಸಿ ನೋಡಿ ನರ್ಸಿನಿಂದ ಬೈಸಿಕೊಂಡೆ. ತಂತಿ ಬಲೆ ಕಟ್ಟಿ ಕಾದದ್ದೆಲ್ಲ ವ್ಯರ್ಥ, ವಿಷ ದೇವರ ತಟ್ಟೆಯಿಂದ ಬಂದಿತ್ತು.

ಮರುದಿನ ನಗುತ್ತಲೇ ಮಗು ಮನೆಗೆ ಬಂತು. ಗಂಡ ಕೈಗವಸು ಹಾಕಿಕೊಂಡು ಕಣಗಿಲೆಯನ್ನು ಬೇರುಸಹಿತ ಕಿತ್ತರು. ಅತ್ತೆಗೆ ಅನ್ನಬೇಕೆಂದು ಕೂಡಿಟ್ಟ ಮಾತುಗಳು ನನ್ನಲ್ಲಿ ಬಹಳವಿದ್ದವು. ಅವರ ಮುಖ ನೋಡಿದ ಮೇಲೆ ಮಗುವನ್ನು ಅವರ ಮಡಿಲಿಗೇ ಹಾಕಿದೆ.

ಈಗ ಆ ಮೂಲೆಯಲ್ಲಿ ದಾಸವಾಳವಿದೆ. ಪೂಜೆ ಮುಗಿದೊಡನೆ ಮಗಳು ಈಗಲೂ ಅಂಗೈ ಚಾಚುತ್ತಾಳೆ. ಅತ್ತೆ ಪತ್ರೆಯನ್ನೂ ಕೊಡುವುದಿಲ್ಲ, ಕಲ್ಲುಸಕ್ಕರೆ ಕೊಡುತ್ತಾರೆ. ಅದೂ ಸುಮ್ಮನೆ ಅಲ್ಲ. ಎಂಜಲು ತಾಗಿತೆಂದು ಚಮಚವನ್ನೇ ಬಿಸಾಡುತ್ತಿದ್ದ ಹೆಂಗಸು ಆ ಹರಳನ್ನು ಹಲ್ಲಿನಲ್ಲಿ ಕಡಿದು, ತನ್ನ ಪಾಲು ಚೀಪುತ್ತ ಮೊಮ್ಮಗಳನ್ನೇ ನೋಡುತ್ತ ಕೂರುತ್ತಾರೆ. ಮಗು ಚಾಚಿದ ಕೈ ಚಾಚಿದಂತೆಯೇ ಕಾಯುತ್ತದೆ.

"ಎಂಜಲಾತಲ್ರಿ ಅತ್ತಿ," ಎಂದೆ ಒಮ್ಮೆ.

"ಆದ್ರ ಆಗ್ಲಿ ಬಿಡವ್ವ," ಎಂದರು. "ತಡಿ, ಮೊದಲು ನನಗೇನೂ ಆಗಂಗಿಲ್ಲೇನು ನೋಡ್ತೀನಿ."