ಓಣಿ ಹೇಳದವರ ಓಣಿ

ಮೊಮ್ಮಗಳು ಸುಜಾತಾ ಫೋನ್ ಎತ್ತಿದಳೆಂದರೆ ನನ್ನ ಕೈ ತಾನಾಗಿಯೇ ಸೆರಗಿಗೆ ಹೋಗುತ್ತದೆ. ಅವಳು ಮಳೆಯ ಸುದ್ದಿ ನೋಡುತ್ತಿರಲಿ, ಗೆಳತಿಯ ಮದುವೆ ನೋಡುತ್ತಿರಲಿ, ತೆಗೆಯುವುದು ನನ್ನದೇ ಫೋಟೋ ಎಂಬ ಭ್ರಮೆ ನನಗೆ. ಈ ವಯಸ್ಸಿನಲ್ಲಿ ಇಷ್ಟು ಸೌಂದರ್ಯಪ್ರಜ್ಞೆ ಇರಬಾರದು ನೋಡಿರಿ. ಹಲ್ಲು ಹೋದರೂ ಹಂಬಲ ಹೋಗಿಲ್ಲ. ಆದರೆ ಹೋದ ತಿಂಗಳಿಂದ ಅದೇ ಕೈ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದೆ. ಅದು ಲಜ್ಜೆಯಲ್ಲ, ಅಂಜಿಕೆ.

ಮಳೆ ಕೈಕೊಟ್ಟ ಎರಡನೆಯ ವರ್ಷವಿದು. ಮಗ, ಸೊಸೆ ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಾರೆ. ನಾನು, ಸುಜಾತಾ ಬೀದರಿನ ಮೈಲೂರದಲ್ಲಿ ಒಂದು ಖೋಲಿ ಹಿಡಿದಿದ್ದೇವೆ. ದೀಪಾವಳಿಯೊಳಗೆ ಇಲ್ಲೇ ನೌಕರಿ ಸಿಕ್ಕರೆ ಸರಿ, ಇಲ್ಲವಾದರೆ ಬಿ.ಕಾಂ. ಓದಿದ ಹುಡುಗಿಯೂ ಅವ್ವನ ಬೆನ್ನಿಗೆ ಇಟ್ಟಿಗೆಗೇ ಹೋಗಬೇಕು ಎಂದು ಮಗ ಹೇಳಿಬಿಟ್ಟಿದ್ದಾನೆ.

ಬೀದರಿನ ಒಂದು ದೊಡ್ಡ ಬಟ್ಟೆ ಅಂಗಡಿಯ ಮ್ಯಾನೇಜರ, ಹೋದ ತಿಂಗಳ ಸಂದರ್ಶನದಲ್ಲಿ ಸುಜಾತಾಳ ಲೆಕ್ಕದ ಜಾಣತನ ಮೆಚ್ಚಿ, ಚಹಾ ಹೇಳಿ, ಅದು ಬರುವಷ್ಟರಲ್ಲಿ ತನ್ನ ಫೋನಿನಲ್ಲಿ ಅವಳು ಫೋಟೋ ಹಾಕುವ ಪುಟ ತೆರೆದನಂತೆ. ಅಲ್ಲಿ ಬುದ್ಧಪೂರ್ಣಿಮೆಯ ದಿನ ವಿಹಾರದ ಮುಂದೆ ಬಿಳಿ ಸೀರೆಯುಟ್ಟು, ಬೊಚ್ಚುಬಾಯಿ ತೆರೆದು ನಗುತ್ತ ನಿಂತ ನಾನು. ಇವರು ನಿಮ್ಮ ಆಯಿ ಏನು ಎಂದು ಕೇಳಿದ. ಹೌದೆಂದಳು. ಆಮೇಲೆ ತಿಳಿಸುತ್ತೇವೆ ಎಂದ. ಹೇಳಿದ ಚಹಾ ಬರಲೇ ಇಲ್ಲ.

ನಮ್ಮ ಕಾಲದಲ್ಲಿ ಫೋನು ಇರಲಿಲ್ಲ, ಕೂಲಿಯಾಳು ಹಿಡಿಯುವ ಮುಕದ್ದಮನಿದ್ದ. ನಾನು ಭಾತಂಬ್ರಾದಲ್ಲಿ ಹೊಸ ಸೊಸೆಯಾಗಿದ್ದಾಗ ಬಿದ್ದ ಬರದಲ್ಲಿ, ಕಬ್ಬು ಕಡಿಯುವ ತಂಡ ಕಟ್ಟಲು ಬಂದು ಬೇವಿನ ಗಿಡದ ಕೆಳಗೆ ಕೂತಿದ್ದ. ಅಂಗೈ ಚಾಚಬೇಕು, ದಡ್ಡುಗಟ್ಟಿದ ಚರ್ಮವೇ ನಮ್ಮ ಪ್ರಮಾಣಪತ್ರ. ಕೈ ಪಾಸಾದ ಮೇಲೆ ಓಣಿ ಕೇಳುತ್ತಿದ್ದ, ಯಾಕೆಂದರೆ ಊರ ಹೊರಗಿನ ಓಣಿಯವರಿಗೆ ಕುಡಿಯುವ ನೀರಿನ ಕೊಡ ಬೇರೆ ಇಡಬೇಕಿತ್ತು. ನಾನು ಮಹಾ ಶಾಣ್ಯಾಳಂತೆ ಊರ ಹೆಸರಷ್ಟೇ ಹೇಳಿ ಸುಮ್ಮನಾದೆ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳ ರಾಜನೀತಿ ಅಷ್ಟೇ. ಅವನು ನಕ್ಕ.

"ಓಣಿ ಹೇಳದವರ ಓಣಿ ನನಗ ಗೊತ್ತದ. ಆ ಕಡಿ ನಿಂದ್ರು."

ಮುಚ್ಚಿದರೂ ತಿಳಿಯುತ್ತದೆ ಎಂಬುದು ಅಂಜಿದವರಿಗೆ ತಡವಾಗಿ ನೆನಪಾಗುತ್ತದೆ. ಬಟ್ಟೆ ಅಂಗಡಿಯಿಂದ ಬಂದವಳೇ ಸುಜಾತಾ ತನ್ನ ಪುಟದ ಫೋಟೋ ಅಳಿಸುತ್ತ ಕೂತಳು. ಮೊದಲು ವಿಹಾರ ಹೋಯಿತು, ಆಮೇಲೆ ನಮ್ಮ ಓಣಿಯ ನೀಲಿ ಕಮಾನು, ಕೊನೆಗೆ ನಾನು. ಸಾಯುವ ಮೊದಲೇ ಇಲ್ಲದಾಗುವ ಭಾಗ್ಯ ಎಲ್ಲರಿಗೂ ದಕ್ಕುವುದಿಲ್ಲ.

"ನನ್ನ ಮಾರಿ ತೆಗದ್ರ ಪಗಾರ ಹೆಚ್ಚ ಕೊಡ್ತಾರೇನು?" ಎಂದು ಕಾಡಿದೆ. ಅವಳು ನಗಲಿಲ್ಲ.

ಮುಂದಿನ ವಾರ ಭಾಲ್ಕಿಯಲ್ಲಿ, ಬೀಜ ಮಾರುವವರ ಕಚೇರಿಯಲ್ಲಿ ಸಂದರ್ಶನ. ಅವರೂ ಪುಟ ತೆರೆದರು. ಗುಡಿಸಿಟ್ಟ ಕಣದಂತೆ ಬೋಳಾಗಿದ್ದುದನ್ನು ನೋಡಿ, ಖಾಲಿ ಯಾಕಿದೆ, ಏನು ಮುಚ್ಚಿದ್ದೀರಿ ಎಂದರಂತೆ. ಬಸ್ಸಿಳಿದು ಬಂದು ಅವಳು ಇದನ್ನು ಹೇಳಿದಾಗ ನನಗೆ ಬೇವಿನ ಗಿಡದ ಕೆಳಗಿನ ಆ ನಗು ಕೇಳಿಸಿತು. ಮುಕದ್ದಮ ಸತ್ತು ಯಾವ ಕಾಲವಾಯಿತು. ಫೋನಿನ ಗಾಜಿನ ಹಿಂದೆ ಕೂತು, ಆ ಕಡಿ ನಿಂದ್ರು ಎಂದು ಇನ್ನೂ ಕೈ ಮಾಡುತ್ತಿದ್ದಾನೆ. ಅವನಾದರೂ ಬೇರೆ ಕೊಡ ಇಟ್ಟು ಕೆಲಸ ಕೊಟ್ಟ. ಇವರು ಕೊಡವನ್ನೇ ಇಡುವುದಿಲ್ಲ. ಅವನ ಮುಖ ಕಾಣುತ್ತಿತ್ತು, ಬೆನ್ನ ಹಿಂದೆ ಬೈದು ಹಗುರಾಗುತ್ತಿದ್ದೆವು. ಈಗ ಯಾರು, ಎಲ್ಲಿ ಕೂತು, ಯಾವ ಗಳಿಗೆಯಲ್ಲಿ ನಮ್ಮ ಅಂಗಳ ಇಣುಕುತ್ತಾರೋ ಬಲ್ಲವರಿಲ್ಲ.

ನಾಳೆ ಔರಾದಿನಲ್ಲಿ ಇನ್ನೊಂದು ಸಂದರ್ಶನವಿದೆ. ದೀಪಾವಳಿಗೆ ಮುಂಚೆ ಇದೇ ಕೊನೆಯದು. ಇಂದು ಮುಂಜಾನೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಸುಜಾತಾ ಫೋನ್ ಎತ್ತಿ ಎದುರು ನಿಂತಳು.

"ಆಯಿ, ಸೆರಗ ತೆಗಿ. ಮಾರಿ ಕಾಣ್ಲಿ."

"ನೌಕರಿ ಹೋಗ್ತದ, ಹುಚ್ಚಿ."

"ಮುಚ್ಚಿದಾಗ ಸಿಕ್ತೇನು?"

ಕೈ ಎಂದಿನಂತೆ ಸೆರಗಿಗೆ ಹೋಯಿತು; ಈ ಸಲ ಅದನ್ನು ಹಿಂದಕ್ಕೆ ಸರಿಸಿತು. ಫೋಟೋದಲ್ಲಿ ನಾನು ನಗುತ್ತಿಲ್ಲ. ಅಪರಿಚಿತರು ಬಾಗಿಲು ಬಡಿದರೆ ನೋಡುತ್ತೇವಲ್ಲ, ಹಾಗೆ ನೋಡುತ್ತಿದ್ದೇನೆ. ಅವಳ ಪುಟದಲ್ಲಿ ಈಗ ಅದೊಂದೇ ಇದೆ.