ಬ್ಯಾಸ್ಕೆಟ್‌ಬಾಲ್ ಚಂದ್ರ ಮತ್ತು ಅಡುಗೆಮನೆಯ ಕ್ಯಾಲೆಂಡರ್

ಹೆಂಡತಿ ತೀರಿಕೊಂಡ ಮೇಲೆ ನನಗೊಂದು ಹಾಬಿ ಬೇಕು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಆಸ್ಪತ್ರೆಯವರು ಕೈಗಿಟ್ಟು ಕಳಿಸಿದ ನುಣುಪು ಕಾಗದದ ಪುಸ್ತಿಕೆಯಲ್ಲೂ ಅದೇ ಇತ್ತು. ನಡೆಯಿರಿ, ನೀರು ಕುಡಿಯಿರಿ, ಹೊಸದೇನಾದರೂ ಕಲಿಯಿರಿ. ಮುಖಪುಟದಲ್ಲಿ ಒಬ್ಬ ಬಿಳಿ ಅಜ್ಜ ಮಡಕೆ ಮಾಡುತ್ತಾ ನಗುತ್ತಿದ್ದ. ಅವನಿಗೆ ಯಾರು ಸತ್ತಿದ್ದರೋ ಗೊತ್ತಿಲ್ಲ, ತುಂಬ ಖುಷಿಯಾಗಿದ್ದ.

ಷಿಕಾಗೋದಲ್ಲಿರುವ ಮಗಳು ದಿನಾ ಸಂಜೆ ಫೋನ್ ಮಾಡುತ್ತಿದ್ದಳು. "ಅಪ್ಪ, ಯು ನೀಡ್ ಸಮ್‌ಥಿಂಗ್ ಟು ಡೂ."

"ಮಾಡ್ತಾನೇ ಇದೀನಲ್ಲಮ್ಮ. ಸಾರು ಮಾಡಿದೆ, ಬಟ್ಟೆ ಒಗೆದೆ, ಡ್ರೈವ್‌ವೇನಲ್ಲಿ ಸ್ನೋ ಎತ್ತಿದೆ."

"ದಟ್ಸ್ ನಾಟ್ ಎ ಹಾಬಿ."

ಅವಳಮ್ಮ ಮೂವತ್ತು ವರ್ಷ ಇದನ್ನೇ ಮಾಡಿದಾಗ ಯಾರೂ ಅವಳಿಗೆ ಹಾಬಿ ಇಲ್ಲ ಅಂತ ಕೊರಗಿದ್ದು ನನಗೆ ನೆನಪಿಲ್ಲ. ಆದರೂ ಮಗಳ ಮಾತು ಕೇಳಿ ಮಿಷಿಗನ್ನಿನ ನಮ್ಮ ಊರು ಟ್ರಾಯ್‌ನ ಲೈಬ್ರರಿಗೆ ಹೋಗಿ, ಹಿರಿಯರಿಗಾಗಿ ನಡೆಸುವ ಕಂಪ್ಯೂಟರ್ ಕ್ಲಾಸಿಗೆ ಹೆಸರು ಕೊಟ್ಟೆ. ಮಂಗಳವಾರ ಮತ್ತು ಗುರುವಾರ, ಬೆಳಗ್ಗೆ ಹತ್ತಕ್ಕೆ. ಜನವರಿ ತಿಂಗಳು, ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ಊರಿನ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ.

ನನ್ನ ಓದು ಎಸ್ಸೆಸ್ಸೆಲ್ಸಿ, ಆಮೇಲೆ ಐಟಿಐನಲ್ಲಿ ಟರ್ನರ್. ಹತ್ತಿರದ ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ಕಡೆದುಕೊಂಡೇ ರಿಟೈರ್ ಆದವನು. ನಮ್ಮ ಕನ್ನಡದವರಲ್ಲಿ ಸಾಫ್ಟ್‌ವೇರ್ ಬಾರದ ಗಂಡಸು ನಾನೊಬ್ಬನೇ ಇರಬೇಕು. ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿದಾಗ ಅವರವರು ಕ್ಲೌಡ್ ಎಂದು ಮಾತಾಡಿಕೊಳ್ಳುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಹಪ್ಪಳ ಮುರಿಯುತ್ತಿದ್ದೆ. ಹಾಗಾಗಿ ಕ್ಲಾಸಿನಲ್ಲಿ ಕಲಿಸುವುದು ಪ್ರೋಗ್ರಾಮಿಂಗ್ ಎಂದು ಕೇಳಿ ಹೆದರಿದ್ದು ನಿಜ.

ಕಲಿಸುವಾಕೆ ರಿಟೈರಾದ ಒಬ್ಬ ಅಮೆರಿಕನ್ ಟೀಚರಮ್ಮ. ಆಕೆ ತೋರಿಸಿದ್ದರಲ್ಲಿ ಬರೆಯುವುದೇ ಇರಲಿಲ್ಲ. ಬ್ಲಾಕ್ ಎನ್ನುವ ಬಣ್ಣಬಣ್ಣದ ತುಂಡುಗಳಿದ್ದವು, ಒಂದೊಂದರ ಮೇಲೂ ಒಂದು ಕೆಲಸದ ಹೆಸರು. ಹತ್ತು ಹೆಜ್ಜೆ ನಡೆ. ಹದಿನೈದು ಡಿಗ್ರಿ ತಿರುಗು. ಒಂದು ಸೆಕೆಂಡ್ ಕಾಯಿ. ತುಂಡಿಗೆ ತುಂಡು ಜೋಡಿಸಿದರೆ ಟಕ್ ಅಂತ ಕೂರುತ್ತಿತ್ತು. ಕೂರದೇ ಇರುವುದು ಕೂರುತ್ತಲೇ ಇರಲಿಲ್ಲ. ನಟ್ಟು ಬೋಲ್ಟಿನ ಜೊತೆ ಜೀವನ ಕಳೆದವನಿಗೆ ಇದಕ್ಕಿಂತ ಇನ್ನೇನು ಬೇಕು? ಎಂಟು ವರ್ಷದ ಮಕ್ಕಳಿಗೆಂದು ಮಾಡಿದ ಭಾಷೆ ಅದು. ನನಗೆ ಅರವತ್ತೆಂಟು, ಹಾಗಾಗಿ ಅರ್ಹತೆಯ ಬಗ್ಗೆ ಯಾರೂ ಕೇಳಲಿಲ್ಲ.

ಕೋರ್ಸಿನಲ್ಲಿ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ನನ್ನ ಪಕ್ಕದವರು ಮೊಮ್ಮಗಳಿಗೆ ಬರ್ತ್‌ಡೇ ಕಾರ್ಡ್ ಮಾಡುತ್ತಿದ್ದರು. ಇನ್ನೊಬ್ಬರು ಮೀನು ಈಜಿಸುತ್ತಿದ್ದರು. ಟೀಚರಮ್ಮ ನನ್ನ ಹತ್ತಿರ ಬಂದು ಏನು ಮಾಡುತ್ತೀರಿ ಎಂದು ಕೇಳಿದರು. ನನ್ನ ಹೆಂಡತಿ ಸತ್ತ ದಿನ ಮತ್ತೆ ಯಾವತ್ತು ಬರುತ್ತೆ ಅಂತ ಹೇಳೋ ಪ್ರೋಗ್ರಾಂ ಎಂದೆ. ಆಕೆ ಟಿಶ್ಯೂ ಡಬ್ಬವನ್ನು ನನ್ನ ಮೇಜಿಗೆ ತಂದಿಟ್ಟರು. ನಾನು ಅತ್ತಿರಲಿಲ್ಲ. ಲೆಕ್ಕದ ವಿಷಯ ಮಾತಾಡುತ್ತಿದ್ದೆ ಅಷ್ಟೆ.

ನಮ್ಮಲ್ಲಿ ಸತ್ತವರ ದಿನ ತಾರೀಖಿನಿಂದ ಬರುವುದಿಲ್ಲ, ತಿಥಿಯಿಂದ ಬರುತ್ತದೆ ಎಂದು ಆಕೆಗೆ ವಿವರಿಸಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಚಂದ್ರ ಒಂದು ಸುತ್ತು ಹಾಕುತ್ತಾನೆ. ಆ ಸುತ್ತನ್ನು ಮೂವತ್ತು ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ತಿಥಿ. ನನ್ನವಳು ಹೋದದ್ದು ವೈಶಾಖ ಬಹುಳ ಷಷ್ಠಿ. ವರ್ಷದ ಕಾರ್ಯ ಮೇ ತಿಂಗಳಲ್ಲಿ ಬರುತ್ತಿತ್ತು. ಆ ದಿನ ಸರಿಯಾಗಿ ಆಗಬೇಕು ಎನ್ನುವುದೊಂದೇ ನನಗೆ ಆ ಚಳಿಗಾಲದಲ್ಲಿ ಇದ್ದ ಆಸೆ. ಬೇರೆ ಏನನ್ನೂ ಅವಳಿಗಾಗಿ ಮಾಡುವ ಹಾಗಿರಲಿಲ್ಲ.

"ವಂಡರ್‌ಫುಲ್," ಎಂದ ಟೀಚರಮ್ಮ ಮುಂದಿನ ಕ್ಲಾಸಿಗೆ ಅಮೆರಿಕದವರ ಪಂಚಾಂಗವನ್ನೇ ತಂದರು. ಟೊಮ್ಯಾಟೊ ಯಾವಾಗ ನೆಡಬೇಕು, ಹಲ್ಲು ಯಾವಾಗ ಕೀಳಿಸಬೇಕು ಎಲ್ಲ ಅದರಲ್ಲಿತ್ತು. ನಾವೇ ಮೂಢನಂಬಿಕೆಯವರು ಎಂದುಕೊಂಡಿದ್ದ ನನಗೆ ಸಮಾಧಾನವಾಯಿತು. ಅದರಲ್ಲಿದ್ದ ಅಮಾವಾಸ್ಯೆಯ ಗಂಟೆ ನಿಮಿಷವನ್ನು ಪ್ರೋಗ್ರಾಮಿಗೆ ಹಾಕಿದೆ. ಪ್ರೋಗ್ರಾಮಿನ ಚಿತ್ರಗಳ ಪಟ್ಟಿಯಲ್ಲಿ ಆನೆ, ಡೈನೋಸಾರ್, ಪಿಜ್ಜಾ ಇದ್ದವು, ಚಂದ್ರ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ಇತ್ತು, ಅದಕ್ಕೇ ಬಿಳಿ ಬಳಿದೆ. ಗೆರೆಗಳು ಹೋಗಲಿಲ್ಲ. ಇಪ್ಪತ್ತೊಂಬತ್ತು ದಿನ ಹನ್ನೆರಡು ಮುಕ್ಕಾಲು ಗಂಟೆಗೆ ಒಂದು ಸುತ್ತು ಬರುವ ಹಾಗೆ ಬ್ಲಾಕ್ ಜೋಡಿಸಿ, ಶುರು ಮಾಡುವ ಹಸಿರು ಬಾವುಟ ಒತ್ತಿದೆ. ಚಂದ್ರ ಹೊರಟ.

ಇನ್ನು ಪರೀಕ್ಷೆ. ಅಡುಗೆಮನೆಯಲ್ಲಿ ಫ್ರಿಜ್ ಪಕ್ಕ ಮೈಸೂರಿನ ಕ್ಯಾಲೆಂಡರ್ ತೂಗುಹಾಕಿದ್ದೇವೆ. ಪ್ರತಿ ವರ್ಷ ಯಾರದಾದರೂ ಸೂಟ್‌ಕೇಸಿನಲ್ಲಿ, ಸೀರೆಗಳ ಮಧ್ಯೆ ಸುರುಳಿ ಸುತ್ತಿಕೊಂಡು ಬರುತ್ತದೆ. ದಿನಾ ಕಾಫಿ ಕುಡಿಯುವಾಗ ಅದನ್ನು ನೋಡಿ, ಯಾವ ತಿಥಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಬರೆದುಕೊಂಡು, ನನ್ನ ಬ್ಯಾಸ್ಕೆಟ್‌ಬಾಲಿನ ಜೊತೆ ತಾಳೆ ಹಾಕುತ್ತಿದ್ದೆ. ನನ್ನ ಚಂದ್ರ ಅವಸರದವನಾಗಿದ್ದ. ಕ್ಯಾಲೆಂಡರ್ ಸಂಜೆ ಅಂದರೆ ಇವನು ಬೆಳಗ್ಗೆಯೇ ಮುಂದಿನ ತಿಥಿಗೆ ಹೋಗಿರುತ್ತಿದ್ದ. ಒಂದು ದಿನ ಆರು ಗಂಟೆ ಮುಂದೆ, ಒಂದು ದಿನ ಹದಿನಾಲ್ಕು ಗಂಟೆ ಮುಂದೆ. ಬ್ಲಾಕುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಮತ್ತೆ ಅದೇ.

ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಮೂರು ಮನೆ ಆಚೆ ಬೆಂಗಳೂರಿನ ಒಂದು ಸಂಸಾರ ಇದೆ. ಗಂಡ ದೊಡ್ಡ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ. ನನ್ನವಳು ಹೋದ ಮೇಲೆ ಆ ಮನೆಯಿಂದ ವಾರಕ್ಕೊಂದು ಸಲ ಬಿಸಿಬೇಳೆಬಾತ್ ಬರುತ್ತದೆ. ಡಬ್ಬ ವಾಪಸ್ ಕೊಡಲು ಹೋದಾಗ ಲ್ಯಾಪ್‌ಟಾಪ್ ತೋರಿಸಿದೆ.

"ಅಂಕಲ್, ಇದು ಮಕ್ಕಳ ಟಾಯ್," ಎಂದ ಅವನು, ನಗು ತಡೆದುಕೊಂಡು. "ಪೈಥಾನ್ ಕಲೀರಿ. ಅಥವಾ ಬೇಡ, ಎಐ ಕೇಳಿದ್ರೆ ಅದೇ ಬರೆದುಕೊಡುತ್ತೆ. ಇದ್ಯಾಕೆ ಗೆರೆ ಇದೆ ಚಂದ್ರಂಗೆ?"

"ಬ್ಯಾಸ್ಕೆಟ್‌ಬಾಲ್."

"ಓ."

ತನ್ನ ಫೋನ್ ತೆಗೆದು ಪಂಚಾಂಗದ ಆ್ಯಪ್ ತೆರೆದ. ಅದು ನಾನು ಬರೆದುಕೊಂಡಿದ್ದ ಕ್ಯಾಲೆಂಡರಿನ ಗಂಟೆಗಳಿಗೆ ನಿಮಿಷವೂ ತಪ್ಪದೆ ತಾಳೆಯಾಯಿತು. "ನೋಡಿ, ಬಗ್ ನಿಮ್ಮ ಹತ್ರಾನೇ ಇದೆ. ಅದಿರ್ಲಿ ಅಂಕಲ್, ಆಂಟಿ ವರ್ಷದ ಕಾರ್ಯ ಬುಧವಾರ ಬೀಳುತ್ತಲ್ಲ. ಶನಿವಾರಕ್ಕೆ ಇಟ್ಕೊಂಡ್ರೆ ಎಲ್ಲರಿಗೂ ಬರೋಕಾಗುತ್ತೆ."

ಒಳಗಿನಿಂದ ಅವನ ಹೆಂಡತಿ ಹೇಳಿದಳು: "ಯುಗಾದಿ, ಗಣೇಶ ಎಲ್ಲಾನೂ ಶನಿವಾರಕ್ಕೆ ಶಿಫ್ಟ್ ಮಾಡಿದೀರ. ಪಾಪ, ಆಂಟಿನೂ ಶಿಫ್ಟ್ ಮಾಡ್ಬೇಕಾ? ಅವರೇನು ಆಫೀಸ್ ರಜ ನೋಡ್ಕೊಂಡು ಹೋದ್ರಾ?"

ನಾನು ಬುಧವಾರವೇ ಎಂದು ಹೇಳಿ ಬಂದೆ. ಮಗಳು ಆಗಲೇ ಬುಧವಾರಕ್ಕೆ ರಜ ಹಾಕಿದ್ದಳು.

ಆದರೆ ಬಗ್ ನನ್ನ ಹತ್ತಿರ ಇದೆ ಎಂಬ ಮಾತು ಕುಟುಕುತ್ತಿತ್ತು. ಕಾರ್ಖಾನೆಯಲ್ಲಿ ನನ್ನ ಕೈಯಿಂದ ತಪ್ಪು ಅಳತೆಯ ಮಾಲು ಹೋದದ್ದು ಕಡಿಮೆ. ಅಲ್ಲಿ ಕಲಿತ ಪಾಠ ಒಂದಿತ್ತು. ಯಂತ್ರ ಸವೆದಿದ್ದರೆ ಅಳತೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಯಾವಾಗಲೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಯಂತ್ರ ಸರಿಯಿದೆ, ಶುರುವಿನಲ್ಲಿ ಹೊಂದಿಸಿದವನು ತಪ್ಪಿದ್ದಾನೆ. ನನ್ನ ಚಂದ್ರ ಒಂದು ದಿನವೂ ತಡವಾಗಿ ಬಂದಿರಲಿಲ್ಲ. ಒಂದೂವರೆ ತಿಂಗಳ ಅಂಕಿಗಳನ್ನೆಲ್ಲ ಕೂಡಿ ಭಾಗಿಸಿದೆ. ಹತ್ತೂವರೆ ಗಂಟೆಯ ಹತ್ತಿರ ಬಂತು.

ಇನ್ನೂ ಹಳೆಯ ತಿಥಿಗಳ ಮೇಲೆ ಪರೀಕ್ಷಿಸೋಣ ಎಂದು ಹಿಂದಿನ ವರ್ಷದ ಕ್ಯಾಲೆಂಡರ್ ಹುಡುಕಿದೆ. ಅದು ಹೊಸದರ ಹಿಂದೆಯೇ ತೂಗುತ್ತಿತ್ತು. ಅವಳು ಹೋದ ತಿಂಗಳಿನಿಂದ ಹಾಳೆ ಮಗುಚಿರಲಿಲ್ಲ, ಮಾಸಿಕದ ದಿನಗಳನ್ನು ದೇವಸ್ಥಾನದ ಭಟ್ಟರೇ ಹೇಳುತ್ತಿದ್ದರು. ಜನವರಿಗೆ ಹಿಂದಕ್ಕೆ ಮಗುಚಿದೆ. ಏಕಾದಶಿಯ ಚೌಕದಲ್ಲಿ ತಿಥಿ ಸಂಜೆ 6-40ರ ವರೆಗೆ ಎಂದು ಅಚ್ಚಾಗಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ: ಬೆಳಗ್ಗೆ 8-10.

ಆ ಪೆನ್ಸಿಲ್ ಅಂಕಿಗಳನ್ನು ನಾನು ಎಷ್ಟೋ ವರ್ಷದಿಂದ ನೋಡಿದ್ದೆ. ಮೈಸೂರಿನ ತಂಗಿಗೆ ಫೋನ್ ಮಾಡುವ ಹೊತ್ತು ಗುರುತು ಮಾಡಿಕೊಂಡಿದ್ದಾಳೆ ಎಂದುಕೊಂಡಿದ್ದೆ. ಕೇಳಿರಲಿಲ್ಲ. ತಿಂಗಳಿಗೆರಡು ದಿನ ಉಪವಾಸ ಇರುತ್ತಿದ್ದವಳು ಅವಳು, ನಾನು ಆ ದಿನ ಹೋಟೆಲಿನಿಂದ ತಿಂದು ಬರುತ್ತಿದ್ದೆ. ಈಗ ಒಂದೊಂದೇ ಏಕಾದಶಿ ನೋಡಿದೆ. ಎಲ್ಲದರಲ್ಲೂ ಹತ್ತೂವರೆ ಗಂಟೆ ಕಳೆದಿದ್ದಳು. ಮಾರ್ಚ್‌ನಲ್ಲಿ ಇಲ್ಲಿಯವರು ಗಡಿಯಾರ ಮುಂದಕ್ಕೆ ತಿರುಗಿಸುತ್ತಾರಲ್ಲ, ಅಲ್ಲಿಂದಾಚೆಗೆ ಒಂಬತ್ತೂವರೆ. ರಾತ್ರಿ 9-15 ಎಂದು ಅಚ್ಚಾಗಿದ್ದರೆ ಬೆಳಗ್ಗೆ 11-45. ಒಂದು ಕಡೆಯೂ ತಪ್ಪಿರಲಿಲ್ಲ. ಮೈಸೂರಿನ ಗಂಟೆಯನ್ನು ಮಿಷಿಗನ್ನಿನ ಗಂಟೆಗೆ ಇಳಿಸಿ ಬರೆದುಕೊಂಡಿದ್ದಳು. ನನ್ನ ಚಂದ್ರ ಇಲ್ಲಿಯ ಪಂಚಾಂಗದ ಗಂಟೆ ಹಿಡಿದು ಹೊರಟವನು, ಅದಕ್ಕೇ ಕ್ಯಾಲೆಂಡರಿಗಿಂತ ಅಷ್ಟು ಮುಂದಿದ್ದ.

ಮೇ ತಿಂಗಳಿಗೆ ಮಗುಚಿದೆ. ಅವಳ ದಿನದ ಚೌಕದಲ್ಲಿ ಪೆನ್ಸಿಲ್ ಇರಲಿಲ್ಲ. ಷಷ್ಠಿ, ಮಧ್ಯಾಹ್ನ 3-20ರ ವರೆಗೆ. ಅವಳ ಉಸಿರು ನಿಂತದ್ದು ಬೆಳಗ್ಗೆ 10-40ಕ್ಕೆ. ಅವತ್ತು ನಾನು ಆಸ್ಪತ್ರೆಯಿಂದ ಬಂದವನೇ ಷೂ ಕೂಡ ಬಿಚ್ಚದೆ ಇದೇ ಚೌಕ ನೋಡಿದ್ದೆ. ಹತ್ತು ನಲವತ್ತು, ಮೂರೂ ಇಪ್ಪತ್ತಕ್ಕೆ ಮುಂಚೆಯೇ ತಾನೆ. ಷಷ್ಠಿ ಎಂದು ದೇವಸ್ಥಾನದ ಭಟ್ಟರಿಗೆ ಫೋನ್ ಮಾಡಿ ಹೇಳಿದ್ದೆ.

ಅವಳು ಹೋದಾಗ ಮೈಸೂರಿನಲ್ಲಿ ರಾತ್ರಿ ಎಂಟು ಹತ್ತು. ಷಷ್ಠಿ ಮುಗಿದು ಐದು ಗಂಟೆ ಆಗಿಹೋಗಿತ್ತು. ಅದು ಸಪ್ತಮಿ. ಬಿಳಿ ಬಳಿದ ಬ್ಯಾಸ್ಕೆಟ್‌ಬಾಲಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ತಿಂಗಳು ತಿಂಗಳೂ ಮಾಸಿಕ ಎಂದು ಸ್ನಾನ ಮಾಡಿ, ಪಂಚೆ ಉಟ್ಟು, ಪಿಂಡ ಇಟ್ಟದ್ದೆಲ್ಲ ಒಂದು ದಿನ ಮುಂಚೆ. ಊಟಕ್ಕೆ ಕರೆದು, ಎಲೆಯನ್ನು ಹಿಂದಿನ ದಿನವೇ ಹಾಕಿ ಎತ್ತಿಬಿಟ್ಟ ಹಾಗೆ.

ಮಾರನೆಯ ದಿನ ದೇವಸ್ಥಾನಕ್ಕೆ ಡ್ರೈವ್ ಮಾಡಿಕೊಂಡು ಹೋದೆ. ಭಟ್ಟರು ಕಾರಿನ ಪೂಜೆ ಮುಗಿಸಿ, ಚಕ್ರದ ಕೆಳಗಿನ ನಿಂಬೆಹಣ್ಣಿನ ಸಿಪ್ಪೆ ಆಯುತ್ತಿದ್ದರು. ವಿಷಯ ಹೇಳಿದೆ. ಅವರು ನಗಲಿಲ್ಲ, ಗಾಬರಿಯಾಗಲೂ ಇಲ್ಲ.

"ನಿಮ್ಮೊಬ್ಬರದೇ ಅಂದ್ಕೊಂಡ್ರಾ? ಫೋನಲ್ಲಿ ತಿಥಿ ಹೇಳೋರಲ್ಲಿ ಎಷ್ಟೋ ಜನ ಊರಿನ ಟೈಮೇ ಹೇಳ್ತಾರೆ. ನಾನು ಯಾವಾಗ್ಲೂ ಎರಡು ಸಲ ಕೇಳ್ತೀನಿ."

"ನನ್ನ ಕೇಳ್ಲಿಲ್ವಲ್ಲ ಭಟ್ಟರೇ."

"ಕೇಳ್ದೆ. ಕ್ಯಾಲೆಂಡರ್ ಸರಿಯಾಗಿ ನೋಡಿದೀರಲ್ಲ ಅಂದೆ. ನೋಡಿದೀನಿ, ನಾನು ಅಳತೆ ತಪ್ಪೋನಲ್ಲ ಅಂದ್ರಿ. ಅಷ್ಟು ಗಟ್ಟಿಯಾಗಿ ಹೇಳ್ದೋರನ್ನ, ಅದೂ ಅಂಥ ದಿನ, ಮತ್ತೆ ಹೆಂಗೆ ಕೇಳ್ಲಿ?"

ಹೇಳಿದ್ದೆ. ಈಗ ನೆನಪಾಯಿತು. ಭಟ್ಟರು ಪ್ರತಿ ಮಾಸಿಕದಲ್ಲೂ ಸಂಕಲ್ಪ ಹೇಳುವಾಗ ಭರತಖಂಡ ಬಿಟ್ಟು ಈ ಕಡೆಯ ದ್ವೀಪ, ಈ ಕಡೆಯ ಖಂಡದ ಹೆಸರನ್ನೇ ಹೇಳುತ್ತಿದ್ದರು. ಮಂತ್ರ ವೀಸಾ ತೆಗೆದುಕೊಂಡು ಇಲ್ಲಿಗೆ ಬಂದಿತ್ತು. ನಾನು ಮಾತ್ರ ಮೂವತ್ತು ವರ್ಷವಾದರೂ ಕ್ಯಾಲೆಂಡರ್ ಮುಂದೆ ನಿಂತಾಗ ಮೈಸೂರಿನಲ್ಲೇ ಇದ್ದೆ.

"ಹಿಂದಿನದಕ್ಕೆ ಏನು ಮಾಡ್ಲಿ?"

"ಹಿಂದಿನದಕ್ಕೆ ಏನೂ ಇಲ್ಲ. ಶ್ರದ್ಧೆಯಿಂದ ಮಾಡಿದೀರಿ. ವರ್ಷದ್ದು ಸಪ್ತಮಿಗೆ ಮಾಡೋಣ, ಗುರುವಾರ."

ಸಾಫ್ಟ್‌ವೇರ್ ಹುಡುಗನಿಗೂ ಹೇಳಿದೆ. ಅವನು ಆ್ಯಪಿನ ಸೆಟ್ಟಿಂಗ್ ತೆರೆದು ನನ್ನ ಕಡೆ ತಿರುಗಿಸಿದ. ಊರು ಬೆಂಗಳೂರು ಎಂದೇ ಇತ್ತು. ಅಲ್ಲಿದ್ದಾಗ ಹಾಕಿಕೊಂಡದ್ದಂತೆ. "ಇಷ್ಟು ವರ್ಷ ನಾನು ಉಪವಾಸ ಬಿಟ್ಟಿದ್ದೆಲ್ಲ ಯಾವ ಊರಿನ ಟೈಮಲ್ಲಿ?" ಎಂದು ಅವನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಆಂಟಿ ಇದ್ದಾಗ ಅವರನ್ನೇ ಕೇಳ್ತಿದ್ದೆ, ಸರಿಯಾಗಿತ್ತು. ಆಮೇಲೆ ಈ ಮಹಾನುಭಾವರು ಆ್ಯಪ್ ನೋಡು ಅಂದ್ರು." ನಾನು ಡಬ್ಬ ಇಟ್ಟು ಬೇಗ ಹೊರಟುಬಂದೆ.

ಮಗಳಿಗೆ ಹೇಳುವುದೇ ಕಷ್ಟವಾಯಿತು. ಪ್ರತಿ ತಿಂಗಳೂ ಅವಳು ಆ ದಿನ ಫೋನಿನಲ್ಲಿ ವಿಡಿಯೊ ಹಾಕಿಕೊಂಡು ಕೂತು ನೋಡಿದ್ದವಳು. ಎಲ್ಲ ಕೇಳಿ, "ಸೋ ಆಲ್ ಆಫ್ ದೆಮ್?" ಎಂದಳು.

"ಎಲ್ಲಾನೂ. ತಪ್ಪು ನಂದೇ."

ಆಮೇಲೆ ಕೇಳಿದಳು: "ಅಮ್ಮ ಡಿಡ್ ದ ಮ್ಯಾತ್ ಎವ್ರಿ ಟೈಮ್? ಬೈ ಹ್ಯಾಂಡ್?"

"ಪೆನ್ಸಿಲಲ್ಲಿ."

"ಐ ವಾಂಟ್ ಟು ಸೀ ಇಟ್."

ಗುರುವಾರಕ್ಕೂ ರಜ ಹಾಕಿ, ಬುಧವಾರವೇ ಕಾರಿನಲ್ಲಿ ಬಂದಳು. ಅವತ್ತು ನಮಗೆ ಮಾಡಲು ಕೆಲಸವೇನೂ ಇರಲಿಲ್ಲ. ಎಳ್ಳು, ದರ್ಭೆ ಎಲ್ಲ ಆಗಲೇ ತಂದಾಗಿತ್ತು. ಅವಳು ಹಳೆಯ ಕ್ಯಾಲೆಂಡರನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಕನ್ನಡ ಅಂಕಿಗಳನ್ನು ಬೆರಳಿಟ್ಟು ಒಂದೊಂದೇ ಓದಿದಳು. ಏಳಕ್ಕೂ ಎರಡಕ್ಕೂ ತಡವರಿಸಿದಳು. ಆಮೇಲೆ ನನ್ನ ಪ್ರೋಗ್ರಾಂ ನೋಡಿ, "ಅಪ್ಪ, ದ ಮೂನ್ ಹ್ಯಾಸ್ ಸೀಮ್ಸ್," ಎಂದು ಚೆಂಡಿನ ಗೆರೆಗಳನ್ನು ತೋರಿಸಿದಳು. ಹಸಿರು ಬಾವುಟ ಒತ್ತಿದೆ. ಚಂದ್ರ ಗೆರೆಗಳ ಸಮೇತ ತಿರುಗಿ ತಿರುಗಿ ಮಾರನೆಯ ದಿನದ ಜಾಗಕ್ಕೆ ಬಂದು ನಿಂತ. ಚಂದ್ರ ನಿಜವಾಗಿ ಒಂದೇ ವೇಗದಲ್ಲಿ ಹೋಗುವವನಲ್ಲ, ಹಾಗಾಗಿ ನನ್ನ ಪ್ರೋಗ್ರಾಂ ನಂಬಿ ಯಾರೂ ಮದುವೆ ಮುಹೂರ್ತ ಇಡಬಾರದು ಎಂದು ಅವಳಿಗೂ ಹೇಳಿದೆ.

ಗುರುವಾರ ಬೆಳಗ್ಗೆ ಭಟ್ಟರು ಬಂದರು. ಶನಿವಾರ ಅಲ್ಲದ್ದರಿಂದ ಜನ ಇರಲಿಲ್ಲ. ನಾನು, ಮಗಳು, ಮೂರು ಮನೆ ಆಚೆಯ ಸೌಟಿನ ಹುಡುಗಿ. ಭಟ್ಟರು ಮಣೆ ಹಾಕಿಕೊಂಡು, ನೀರು ಮುಟ್ಟುವ ಮೊದಲು ನನ್ನ ಕಡೆ ನೋಡಿದರು.

"ಕ್ಯಾಲೆಂಡರ್ ಸರಿಯಾಗಿ ನೋಡಿದೀರಲ್ಲ?"

"ನೋಡಿದೀನಿ. ಒಂಬತ್ತೂವರೆ ಗಂಟೆ ಕಳೆದಿದೀನಿ," ಎಂದೆ. "ಮಗಳ ಕೈಲೂ ಮಾಡಿಸಿದೀನಿ. ಆದ್ರೂ ಭಟ್ಟರೇ, ನೀವೂ ಒಂದ್ಸಲ ನೋಡಿಬಿಡಿ."

ಅವರು ಎದ್ದು ಫ್ರಿಜ್ ಹತ್ತಿರ ಹೋಗಿ, ಕನ್ನಡಕ ಏರಿಸಿ ಆ ದಿನದ ಚೌಕ ನೋಡಿದರು. ಅದರ ಕೆಳಗೆ ಪೆನ್ಸಿಲಿನಲ್ಲಿ ಮಗಳು ಬರೆದಿದ್ದಳು. ಅಂಕಿಗಳು ಸೊಟ್ಟಗಿದ್ದವು, ಲೆಕ್ಕ ಸರಿಯಿತ್ತು.