ಮೂರು ಕಾಲು, ಮೂರು ತೂತು

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಎರಡು ಮಗ್ಗಗಳಿದ್ದವು. ಒಂದರಲ್ಲಿ ಅವ್ವ ಕೂರುತ್ತಿದ್ದಳು, ಇನ್ನೊಂದು ನನ್ನದು. ನನಗೋ ರೇಡಿಯೋ ರಿಪೇರಿಯ ಹುಚ್ಚು. ಮೈಸೂರಿನಲ್ಲಿ ಆರು ತಿಂಗಳು ಕಲಿತು ಬಂದು ಜಗಲಿಯ ಮೇಲೆ ಮೇಜು ಹಾಕಿದೆ. ಮೊದಲ ಗಿರಾಕಿ ಮುಳ್ಳೂರಿನ ಮೇಷ್ಟ್ರು. ಅವರ ರೇಡಿಯೋದೊಳಗಿನ ಟ್ರಾನ್ಸಿಸ್ಟರ್ ಒಂದು ಸತ್ತಿತ್ತು, ಹೊಸದು ಕೂರಿಸಬೇಕಿತ್ತು.

ಕಡಲೆಕಾಳಿಗಿಂತ ತುಸು ದೊಡ್ಡ ವಸ್ತು, ಅದಕ್ಕೆ ಮೂರು ಕಾಲು. ರೇಡಿಯೋದ ಹಲಗೆಯಲ್ಲಿ ಮೂರು ತೂತು. ಯಾವ ಕಾಲು ಯಾವುದೆಂದು ಜೊತೆಗೆ ಬಂದ ಚೀಟಿಯಲ್ಲಿ ಚಿತ್ರವಿರುತ್ತದೆ, ನೋಡಿ ಬೆಸೆದರಾಯಿತು. ನೋಡಿಯೇ ಬೆಸೆದೆ. ಸುಟ್ಟುಹೋಯಿತು. ಇನ್ನೊಂದು ಬೆಸೆದೆ. ಅದೂ ಸುಟ್ಟುಹೋಯಿತು. ನನ್ನ ಬಳಿ ಇನ್ನು ಉಳಿದದ್ದು ಒಂದೇ.

"ಇದೂ ಸುಟ್ಟೋದ್ರೆ ಮೇಜು ಎತ್ತಿಟ್ಟು ಮಗ್ಗಕ್ಕೆ ಕೂತ್ಕ. ಆಡಿದ್ದು ಸಾಕು ಕಣ್ಲಾ," ಎಂದರು ಅಪ್ಪ. ಮೂಗಿನ ತುದಿಯಲ್ಲೇ ಸಿಟ್ಟಿದ್ದ ನಾನು ಅಂದು ತಲೆ ತಗ್ಗಿಸಿ ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡೆ. ಹೆದರಿಕೆಯಾಗಿತ್ತು.

ಅವ್ವ ಮಗ್ಗದಿಂದಲೇ ಕೇಳಿದಳು: "ಲೇ, ಆ ಚಿತ್ರ ಬರ್ದೋನು ಮೇಲಿಂದ ನೋಡಿ ಬರ್ದವ್ನೋ, ಕೆಳಗಿಂದ್ಲೋ?"

"ಎಲ್ಲಾರೂ ಮೇಲಿಂದ್ಲೇ ಬರೀತಾರೆ ಕಣವ್ವ," ಎಂದು ರೇಗಿದೆ.

"ಅಂಗಂತ ಅವ್ನು ಏಳಿದ್ನಾ? ನೋಡ್ಲಾ."

ನೋಡಿದೆ. ಚಿತ್ರದಡಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಿದ್ದವು: ಕಾಲುಗಳ ಕಡೆಯಿಂದ ಕಂಡಂತೆ.

ನಮ್ಮ ಮಗ್ಗದಲ್ಲಿ ಸೀರೆಯ ಮುಖ ನೆಲದ ಕಡೆಗಿರುತ್ತದೆ, ನೇಯುವವರಿಗೆ ಕಾಣುವುದು ಬೆನ್ನು. ನಕ್ಷೆಯಲ್ಲಿ ಎಡಕ್ಕಿರುವ ನವಿಲನ್ನು ಬಲಕ್ಕೆ ನೇಯಬೇಕು. ಹಾಗೆ ತಿರುಗಿಸುವುದು ಹತ್ತು ವರ್ಷದವನಿದ್ದಾಗಲೇ ನನಗೆ ರೂಢಿಯಾಗಿತ್ತು. ಬೆಸೆಯುವುದು ಹಲಗೆಯ ಬೆನ್ನಿಗೆ; ಅದನ್ನು ಮಗುಚಿದಾಗ ಚಿತ್ರವನ್ನೂ ಹಾಗೇ ಎಡಬಲ ಮಾಡಿದ್ದೆ. ಚಿತ್ರ ಬರೆದವನು ಮೊದಲೇ ಮಗುಚಿ ಬರೆದಿದ್ದ. ಮೈಸೂರಲ್ಲಿ ಕಲಿತ ಜಾಣನಿಗೆ ಇದು ಹೊಳೆದಿರಲಿಲ್ಲ.

ಈ ಸಲ ಚಿತ್ರದಲ್ಲಿದ್ದ ಹಾಗೆಯೇ ಕಾಲುಗಳನ್ನು ಇಳಿಸಿ ಬೆಸೆದೆ. ಬ್ಯಾಟರಿ ಹಾಕಿ ಕಣ್ಣು ಮುಚ್ಚಿಕೊಂಡೆ. ಗೊರಗೊರ ಸದ್ದಾಯಿತು, ಆಮೇಲೆ ಯಾರೋ ಹವಾಮಾನ ವರದಿ ಓದಿದರು. ಅಷ್ಟು ಇಂಪಾದ ಹವಾಮಾನ ವರದಿಯನ್ನು ನಾನು ಮತ್ತೆಂದೂ ಕೇಳಿಲ್ಲ. ಬದುಕಿದೆಯಾ ಬಡಜೀವವೇ ಎಂದು ಮೇಜಿನ ಮೇಲೆ ತಲೆಯಿಟ್ಟೆ. ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಅಪ್ಪ ಬಾಗಿಲಲ್ಲಿ ನಿಂತು ವರದಿಯನ್ನು ಕೊನೆಯವರೆಗೂ ಕೇಳಿದರು. ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದರು:

"ಇವನ ಮಗ್ಗಕ್ಕೆ ಬ್ಯಾರೆ ಯಾರ್ನಾರ ನೋಡ್ಬೇಕು ಕಣೆ."